ಹುಣಸೆ ಮರಗಳ ಜೊತೆ ಹರಾಜಾದ ಸೀಟು

ಕಳೆದ ತಿಂಗಳು ಶಾಲೆಯ ವಾರ್ಷಿಕೋತ್ಸವಕ್ಕೆ ಬ್ಯಾನರ್ ಮಾಡಿಸಲು ರಾಯಚೂರಿನ ಸ್ಟೇಷನ್ ರೋಡಿನಲ್ಲಿರುವ ಖಾದರ್ ಭಾಯಿಯ ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಂದ ಫ್ಲೆಕ್ಸಿಗೆ ಒಂದು ವಾಸನೆ ಇರುತ್ತದೆ, ಸೀಮೆಎಣ್ಣೆಗೆ ಸುಟ್ಟ ರಬ್ಬರು ಸೇರಿದಂಥದ್ದು. ಅದು ಮೂಗಿಗೆ ಬಡಿದ ಕೂಡಲೇ ನನಗೆ ಒಂದು ಊರು ನೆನಪಾಗುತ್ತದೆ. ಅಂಗಡಿಯ ಕಂಪ್ಯೂಟರಿನ ಮೇಲೆ ಒಂದು ನಮೂನೆ ತೆರೆದಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ ‘ಅವಿರೋಧವಾಗಿ ಆಯ್ಕೆಯಾದ ನಮ್ಮೂರ ಹೆಮ್ಮೆಯ’ ಅಂತ ಇತ್ತು, ಕೆಳಗೆ ಮುಖ ಇರಬೇಕಾದ ಕಡೆ ಖಾಲಿ ದುಂಡು.

‘ಇನ್ನೂ ಚುನಾವಣೆಯೇ ಬಂದಿಲ್ಲವಲ್ಲ ಭಾಯ್’ ಅಂದೆ.

‘ಬರ್ತದಲ್ರಿ ಮೇಡಂ. ನಾವು ರೆಡಿ ಇಟ್ಟೀವಿ. ಮುಖ ಅಂಟಿಸಿದ್ರ ಆತು’ ಅಂದರು ಖಾದರ್ ಭಾಯಿ, ಒಂದಿಷ್ಟೂ ಕಪಟವಿಲ್ಲದೆ. ಅವರದು ವ್ಯಾಪಾರ, ಅವರನ್ನು ನಾನು ಬೈಯುವುದಿಲ್ಲ. ಬೈಯಬೇಕಾದವರು ಬೇರೆ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಆಗ ದೇವದುರ್ಗದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಮಾನ್ವಿ ತಾಲೂಕಿನ ಒಂದು ಪಂಚಾಯಿತಿಗೆ ಸಹಾಯಕ ಚುನಾವಣಾಧಿಕಾರಿ ಅಂತ ನನ್ನನ್ನು ಹಾಕಿದರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಊರಿನವರೆಲ್ಲ ತಾವು ಸುಬಗರು ಅಂದುಕೊಂಡಾರು, ಆ ಸಂತೋಷ ಅವರಿಗೆ ಕೊಡಲು ನನಗೆ ಮನಸ್ಸಿಲ್ಲ.

ಮಾನ್ವಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ದಿನಾ ಬೆಳಗ್ಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಎರಡೂ ಕಡೆ ಒಡೆದ ಹತ್ತಿ, ಕಾಲುವೆ ನೀರು ಮುಟ್ಟಿದಲ್ಲಿ ಭತ್ತ ಕೊಯ್ಯುವ ಯಂತ್ರಗಳ ಧೂಳು. ಒಣ ಚಳಿಗೆ ತುಟಿ ಒಡೆಯುತ್ತಿದ್ದವು. ಆ ವರ್ಷ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಸರಕಾರದ ಹುಕುಂ ಇತ್ತು. ಮುಖ ಮುಚ್ಚಿಕೊಂಡು ಓಡಾಡಬೇಕಾದಂಥ ಕೆಲಸ ಮಾಡುವವರಿಗೆ ಅಷ್ಟು ಅನುಕೂಲದ ವರ್ಷ ಮತ್ತೆ ಬರಲಿಕ್ಕಿಲ್ಲ.

ಪಂಚಾಯಿತಿ ಕಚೇರಿಯಲ್ಲಿ ಎರಡು ಟೇಬಲ್ಲು. ಒಂದಕ್ಕೆ ನಾನು, ಇನ್ನೊಂದಕ್ಕೆ ಬೇರೆ ಇಲಾಖೆಯಿಂದ ಬಂದ ಇಂಜಿನಿಯರ್ ಸಾಹೇಬರು. ಅವರೇ ಚುನಾವಣಾಧಿಕಾರಿ. ಸಂಭಾವಿತ ಮನುಷ್ಯ, ಆಕಳಿಕೆ ಬಂದಾಗಲೂ ಕೈ ಅಡ್ಡ ಹಿಡಿಯುತ್ತಿದ್ದರು. ನಾಮಪತ್ರ ತಗೊಳ್ಳುವ ಮೊದಲ ದಿನವೇ ಊರಿನ ಹಿರಿಯರು ನಾಲ್ಕು ಮಂದಿ ಚಹಾ, ಮಿರ್ಚಿ ಬಜಿ ಸಮೇತ ಬಂದರು. ಮುಂದೆ ವಿರುಪಣ್ಣ ಸಾವ್ಕಾರ. ಗೊಬ್ಬರ, ಔಷಧಿ ಅಂಗಡಿ ಅವನದೇ, ಹತ್ತಿ ಖರೀದಿಯೂ ಅವನದೇ. ಅವನ ಅಂಗಡಿಯಲ್ಲಿ ಕೊಂಡದ್ದನ್ನು ಹೊಲಕ್ಕೆ ಹಾಕಿ, ಬೆಳೆದದ್ದನ್ನು ಅವನಿಗೇ ಮಾರಿ, ಅವನಿಗೇ ಕೈ ಮುಗಿಯುವ ಊರು ಅದು.

‘ನಿಮಗ ಏನೂ ತ್ರಾಸ ಇಲ್ರಿ ಮೇಡಂ. ನಮ್ಮ ಊರಿಂದು ಮೂರೂ ಸೀಟು ಅವಿರೋಧ. ವೋಟು ಇಲ್ಲ, ಡಬ್ಬಿ ಇಲ್ಲ, ಜಗಳ ಇಲ್ಲ’ ಅಂದ ಸಾವ್ಕಾರ.

‘ಊರಾಗ ಒಗ್ಗಟ್ಟದ ಅನ್ರಿ’ ಎಂದರು ನಮ್ಮ ಸಾಹೇಬರು ಬಜಿ ಮುರಿಯುತ್ತ.

ಒಗ್ಗಟ್ಟು ಎಂಥದ್ದೆಂದು ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಸಿಪಾಯಿ ಮುದುಕನೇ ಹೇಳಿದ. ಪ್ರತಿ ವರ್ಷ ಈ ಕಾಲಕ್ಕೆ ಆ ಊರಿನಲ್ಲಿ ಹನುಮಪ್ಪನ ಗುಡಿಯ ಮುಂದೆ ಊರೊಟ್ಟಿನ ಹುಣಸೆ ಮರಗಳ ಹರಾಜು ಆಗುತ್ತದೆ. ಹೆಚ್ಚು ಕೂಗಿದವನಿಗೆ ಆ ವರ್ಷದ ಹಣ್ಣು, ಬಂದ ದುಡ್ಡು ಗುಡಿಗೆ. ಆ ವರ್ಷ ಮರಗಳದು ಮುಗಿಸಿ, ಅದೇ ಜಮಖಾನದ ಮೇಲೆ ಕೂತು, ಅದೇ ಬಾಯಿಂದ ‘ಒಂದ್ ಸಲ, ಎರಡ್ ಸಲ, ಮೂರ್ ಸಲ’ ಅಂತ ಮೂರು ಸೀಟುಗಳನ್ನೂ ಕೂಗಿಬಿಟ್ಟಿದ್ದರು. ಮೂರನೆಯದು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾದ ಸೀಟು. ಅದನ್ನು ಕೊಂಡವನು ವಿರುಪಣ್ಣ ಸಾವ್ಕಾರ.

‘ಅವ ಹ್ಯಾಂಗ ಕೊಳ್ತಾನ? ಅವ ಹೆಣ್ಣಲ್ಲ, ಪರಿಶಿಷ್ಟನೂ ಅಲ್ಲ’ ಅಂದೆ.

‘ಅವನ ಟ್ರ್ಯಾಕ್ಟರ್ ಡ್ರೈವರನ ಹೇಂತಿ ಹನುಮವ್ವ ಅದಾಳಲ್ರಿ. ಹುಣಸಿ ಮರ ಕೊಂಡವರೇನು ತಾವೇ ಗಿಡ ಹತ್ತತಾರೇನ್ರಿ?’ ಅಂದ ಮುದುಕ.

ನಾನು ಮೇಲಿನವರಿಗೆ ಫೋನ್ ಮಾಡಿದೆ. ಹರಾಜು ಅಪರಾಧ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಆ ಕಡೆಯಿಂದ ಒಂದೇ ಪ್ರಶ್ನೆ: ‘ಲಿಖಿತ ದೂರು ಬಂದದಾ?’ ಇಲ್ಲ ಅಂದೆ. ‘ಮತ್ತ?’ ಅಂದರು. ಆ ‘ಮತ್ತ’ಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ ಅಂತ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಇತ್ತು. ನಾನೇ ಒಂದು ಹಾಳೆ ತಗೊಂಡು ಬರೆದು ಕೊಡಬಹುದಿತ್ತು. ಬರೆಯಲಿಲ್ಲ. ಬಜಿ ನಾನೂ ತಿಂದಿದ್ದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ನಾಮಪತ್ರ ಕೊಡುವ ಕೊನೆಯ ದಿನಕ್ಕೆ ಇನ್ನೂ ಎರಡು ದಿನ ಇರುವಾಗಲೇ ರಾಯಚೂರಿನಿಂದ ಫ್ಲೆಕ್ಸ್ ಬಂತು. ಬಸ್ ನಿಲ್ಲುವ ಕಡೆ, ಕಚೇರಿ ಕಿಟಕಿಗೆ ಎದುರಾಗಿ ಕಟ್ಟಿದರು. ಬಿಸಿಲೇರಿದ ಹಾಗೆ ಅದರ ವಾಸನೆ ಒಳಗೆ ಬರುತ್ತಿತ್ತು. ವಿರುಪಣ್ಣನ ಮುಖ ಕುಂಬಳಕಾಯಿಯಷ್ಟು, ಮೂಲೆಯಲ್ಲಿ ಹನುಮವ್ವನ ಮುಖ ನಿಂಬೆಕಾಯಿಯಷ್ಟು. ಅದೂ ಅವಳ ರೇಷನ್ ಕಾರ್ಡಿನ ಫೋಟೋ. ಹನುಮವ್ವ ನಾಮಪತ್ರ ಕೊಡಲು ಬಂದಾಗ ಆ ಫ್ಲೆಕ್ಸನ್ನು ನೋಡುತ್ತ ತುಸು ಹೊತ್ತು ನಿಂತಳು. ಆಮೇಲೆ ಒಳಗೆ ಬಂದು ಸಾವ್ಕಾರ ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿದಳು.

ಕೊನೆಯ ದಿನ ಮಧ್ಯಾಹ್ನ ಹುಸೇನಮ್ಮ ಬಂದಳು.

ಹೆಸರು ಕೇಳಿ ಹೊರಗಿನವರು ಗೊಂದಲ ಮಾಡಿಕೊಳ್ಳುತ್ತಾರೆ. ನಮ್ಮ ಕಡೆ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಹಿಂದೂಗಳೂ ಹುಸೇನಪ್ಪ, ಹುಸೇನಮ್ಮ ಅಂತ ಇಡುತ್ತಾರೆ. ಅವಳು ಊರ ಹೊರಗಿನ ಕೇರಿಯವಳು, ಹತ್ತಿ ಬಿಡಿಸುವ ಹೆಂಗಸರ ಗುಂಪು ಕಟ್ಟಿಕೊಂಡು ಹೊಲ ಹೊಲ ತಿರುಗುವವಳು. ಅವತ್ತೂ ಹೊಲದಿಂದ ನೇರ ಬಂದಿದ್ದಳು. ತಲೆಗೂದಲಲ್ಲಿ ಹತ್ತಿಯ ಎಳೆ, ಬೆರಳ ತುದಿಯಲ್ಲಿ ಹತ್ತಿ ಕಾಯಿಯ ಮುಳ್ಳು ಗೀರಿದ ಗಾಯ. ಜೊತೆಗೆ ಗಂಡ ತಿಪ್ಪಣ್ಣ. ಸೂಚಕನಾಗಿ ಸಹಿ ಮಾಡಲು ಊರಲ್ಲಿ ಮತ್ತ್ಯಾರೂ ಸಿಕ್ಕಿರಲಿಲ್ಲ.

‘ಅಕ್ಕೋರ, ಸೀಟು ಮಾರ್ಯಾರಂತ. ಆದ್ರ ಅರ್ಜಿ ಕೊಡಬಾರದು ಅಂತ ನಿಮ್ಮ ಪುಸ್ತಕದಾಗ ಏನರ ಅದ ಏನ್ರಿ?’ ಎಂದು ಕೇಳಿದಳು. ಇಲ್ಲ ಅಂದೆ. ‘ಹಂಗಾರ ತಗೋರಿ’ ಅಂತ ಠೇವಣಿಯ ನೂರು ರೂಪಾಯಿ ಸೆರಗಿನಿಂದ ಬಿಚ್ಚಿ ಇಟ್ಟಳು.

ಯಾಕೆ ನಿಲ್ಲುತ್ತೀ ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು. ಅವರ ಕೇರಿಯ ಸುಡುಗಾಡು ಹಳ್ಳದ ಆಚೆ ಇದೆ. ಅಲ್ಲಿಗೆ ದಾರಿ ಇಲ್ಲ. ಬೇಸಗೆಯಲ್ಲಿ ಹಳ್ಳದೊಳಗಿಂದ ಹೋಗುತ್ತಾರೆ. ಹಳ್ಳ ತುಂಬಿ ಬಂದಾಗ ಉಳಿಯುವುದು ಸಾವ್ಕಾರನ ಹೊಲದ ಬದು ಒಂದೇ. ಆ ಮಳೆಗಾಲದಲ್ಲಿ ಅವಳ ಅತ್ತೆ ತೀರಿಕೊಂಡಿದ್ದಳು. ಹೆಣ ಹೊತ್ತು ಬದುವಿಗೆ ಬಂದರೆ ಸಾವ್ಕಾರ ಅಡ್ಡ ನಿಂತ. ಹತ್ತಿ ಹೂವಿಗೆ ಬಂದಿದೆ, ಮಂದಿ ತುಳಿದರೆ ಉದುರುತ್ತದೆ ಅಂದನಂತೆ. ಹಳ್ಳ ಇಳಿಯುವ ತನಕ ಮಳೆಯಲ್ಲಿ ಚಟ್ಟ ಇಳಿಸಿಕೊಂಡು ಕೂತಿದ್ದರು. ‘ಪಂಚಾಯ್ತಿಯಾಗ ಕುಂತ್ರ ಒಂದು ದಾರಿ ಬರಸ್ತೀನ್ರಿ. ಮತ್ತೇನೂ ಬ್ಯಾಡ ನನಗ’ ಅಂದಳು.

ಮರುದಿನದಿಂದ ಊರಿಗೆ ಊರೇ ಅವಳ ಮೇಲೆ ಬಿತ್ತು. ಅವಳು ದೇವರ ಕೆಲಸಕ್ಕೆ ಅಡ್ಡ ಬಂದವಳಂತೆ, ಊರಿನ ಮರ್ಯಾದೆ ತೆಗೆದವಳಂತೆ. ಸೀಟನ್ನು ಹುಣಸೆಹಣ್ಣಿನಂತೆ ಮಾರಿದಾಗ ಹೋಗದ ಮರ್ಯಾದೆ, ಒಬ್ಬ ಹೆಂಗಸು ಅರ್ಜಿ ಕೊಟ್ಟ ಕೂಡಲೇ ಹೋಯಿತು! ಕೇರಿಯ ಹಿರಿಯರೂ ಬುದ್ಧಿ ಹೇಳಿದರು. ಸಾವ್ಕಾರ ಹತ್ತಿ ಬಿಡಿಸಲು ಅವಳ ಗುಂಪನ್ನು ಕರೆಯುವುದು ನಿಲ್ಲಿಸಿದ.

ನಾಮಪತ್ರ ವಾಪಸ್ ತಗೊಳ್ಳುವ ಕೊನೆಯ ದಿನ, ಮಧ್ಯಾಹ್ನ ಮೂರರವರೆಗೆ ಸಮಯ. ಎರಡೂವರೆಗೆ ಸಾವ್ಕಾರ ಅವಳನ್ನು ಕಚೇರಿಗೇ ಕರೆತಂದ. ಹಿಂದೆ ಇಪ್ಪತ್ತು ಮಂದಿ. ನಮ್ಮ ಸಾಹೇಬರು ಫೋನ್ ಬಂದಂತೆ ಮಾಡಿ ಹೊರಗೆ ಹೋದರು.

ಸಾವ್ಕಾರ ಮಾತನ್ನು ಬೆಣ್ಣೆ ಮಾಡಿದ. ‘ಹುಸೇನಿ, ನಿನಗ ದಾರಿ ತಾನೇ ಬೇಕಾಗಿದ್ದು? ಕೊಟ್ಟೆ ಹೋಗು. ಇವರೆಲ್ಲಾರ ಮುಂದ ಹೇಳಾಕತ್ತೀನಿ. ಹಿಂದಕ ತಗೋ.’

‘ಬರದು ಕೊಡ್ರಿ ಯಪ್ಪಾ.’

‘ನನ್ನ ಮಾತಿನ ಮ್ಯಾಲ ನಂಬಿಗಿ ಇಲ್ಲೇನು?’

‘ನಮ್ಮತ್ತಿ ಹೆಣ ಹೊತ್ತು ನಿಂತಾಗ ನಿಮ್ಮ ಮಾತು ಕೇಳೀನಲ್ರಿ’ ಅಂದಳು ಹುಸೇನಮ್ಮ. ಹಾಳೆ ನನ್ನ ಟೇಬಲ್ಲಿನ ಮೇಲೇ ಇತ್ತು, ಪೆನ್ನೂ ಇತ್ತು. ಸಾವ್ಕಾರ ಎರಡರ ಕಡೆಯೂ ನೋಡಲಿಲ್ಲ.

ಈಗ ನನ್ನ ಪಾಲಿನದು ಹೇಳುತ್ತೇನೆ. ಆ ಇಪ್ಪತ್ತು ಮಂದಿಯ ಗದ್ದಲದಲ್ಲಿ ನಾನು ವಾಪಸಾತಿಯ ಅರ್ಜಿಯನ್ನು ಡ್ರಾಯರಿನಿಂದ ತೆಗೆದು ಅವಳ ಮುಂದೆ ಸರಿಸಿದೆ. ‘ಯಾಕವ್ವಾ ಸುಮ್ಮನ ಊರ ಎದುರು ಹಾಕ್ಕೋತಿ? ನಾಳೆ ಕೂಲಿಗೆ ಎಲ್ಲಿ ಹೋಗ್ತಿ?’ ಅಂದೆ. ಅವಳ ಮೇಲಿನ ಕನಿಕರ ಅಂತ ಅವತ್ತು ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಅಸಲಿಗೆ ಬೇಗ ಮುಗಿದರೆ ಸಂಜೆಯ ಬಸ್ಸಿಗೆ ದೇವದುರ್ಗಕ್ಕೆ ಹೋಗಬಹುದು ಅನ್ನುವ ಲೆಕ್ಕ. ಇಪ್ಪತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ್ದು ಇದಕ್ಕೆ.

ಹುಸೇನಮ್ಮ ಆ ಅರ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಗೋಡೆಯ ಗಡಿಯಾರ ನೋಡುತ್ತ ನೆಲದ ಮೇಲೆ ಕೂತುಬಿಟ್ಟಳು. ಮೂರು ಹೊಡೆಯುವ ತನಕ ಏಳಲಿಲ್ಲ. ಬೈಗುಳ ಬಿದ್ದವು, ಕೈ ಮುಗಿದವರೂ ಇದ್ದರು. ಅವಳು ಕೂದಲಿಗೆ ಹತ್ತಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತಳು. ಮೂರಾದ ಮೇಲೆ ಎದ್ದು ಹೋದಳು. ಹೀಗೆ ಆ ಊರಿಗೆ ಚುನಾವಣೆ ಬಂತು.

ಅಲ್ಲಿಂದ ಮುಂದಿನ ಹತ್ತು ದಿನಗಳಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಆ ನಗು ಒಳ್ಳೆಯದಲ್ಲ. ಮೊದಲು ಸಾವ್ಕಾರ ಗುಡಿ ಕಮಿಟಿಯ ಹತ್ತಿರ ಹೋಗಿ ಹರಾಜಿನ ದುಡ್ಡು ವಾಪಸ್ ಕೇಳಿದ. ಸೀಟು ಅವಿರೋಧ ಆಗಲಿಲ್ಲವಲ್ಲ, ವ್ಯವಹಾರ ಮುರಿದಂತೆ ಅಂದ. ಕಮಿಟಿಯವರು ‘ಹನುಮಪ್ಪನ ಪಾಲಾದದ್ದು ಹೊಳ್ಳಿ ಬರಂಗಿಲ್ಲ’ ಅಂದುಬಿಟ್ಟರು. ಹುಣಸೆ ಮರ ಗಾಳಿಗೆ ಬಿದ್ದರೂ ದುಡ್ಡು ತಿರುಗಿ ಕೊಡುವ ಪದ್ಧತಿ ಇಲ್ಲವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಅವತ್ತು ಸಾವ್ಕಾರನಿಗೆ ಅರ್ಥವಾಗಿರಬೇಕು. ‘ಅವಿರೋಧ’ ಫ್ಲೆಕ್ಸನ್ನು ಬಿಚ್ಚಿ ಹತ್ತಿ ರಾಶಿಗೆ ಹೊದಿಸಿದರು. ಅವನ ಮುಖ ಒಳಮಗ್ಗುಲಾಗಿತ್ತು.

ಆಮೇಲೆ ಅವನು ಮನೆ ಮನೆಗೆ ಕೊಡಲು ಶುರು ಮಾಡಿದ. ಕದ್ದುಮುಚ್ಚಿ ಅಲ್ಲ, ಹಾಡಹಗಲೇ. ಅವನ ಹೆಂಡತಿ ಎರಡು ಬುಟ್ಟಿ ಹೊರಿಸಿಕೊಂಡು ಉಡಿ ತುಂಬಲು ಹೊರಟಳು. ಕುಬಸದ ಬಟ್ಟೆ, ಕೊಬ್ಬರಿ ಬಟ್ಟಲು, ಐದು ಹಿಡಿ ಅಕ್ಕಿ, ಅಕ್ಕಿಯ ಒಳಗೆ ಮಡಿಸಿದ ನೋಟು. ನಮ್ಮ ಕಡೆ ಉಡಿ ತುಂಬಿಸಿಕೊಂಡವಳು ತುಂಬಿದವರ ಮನೆಗೆ ಮಗಳಾದಂತೆ, ಅವರಿಗೆ ಎರಡು ಬಗೆದರೆ ಒಳ್ಳೆಯದಾಗುವುದಿಲ್ಲ ಅಂತ ನಂಬಿಕೆ. ತವರಿಂದ ಹೊರಟ ಮಗಳಿಗೆ ತಾಯಿ ಕಣ್ಣೀರು ತಂದುಕೊಂಡು ಮಾಡುವ ಕೆಲಸವನ್ನು ಈ ಹೆಂಗಸು ಪಟ್ಟಿ ಹಿಡಿದು ಮಾಡಿದಳು. ಕೇರಿಗೆ ಹೋದಾಗ ಹೊಸ್ತಿಲು ತುಳಿಯಲಿಲ್ಲ. ಅಂಗಳದಲ್ಲಿ ನಿಂತು, ಒಡ್ಡಿದ ಸೆರಗಿಗೆ ಕೈ ತಾಗದ ಹಾಗೆ ಮೇಲಿಂದ ಬಿಟ್ಟಳು. ಹಾಗೆ ಬಿಟ್ಟರೂ ಮಗಳೇ.

ಇದನ್ನೂ ಮೇಲಿನವರಿಗೆ ಫೋನ್ ಮಾಡಿ ಹೇಳಿದೆ. ‘ಉಡಿ ತುಂಬೋದು ಸಂಪ್ರದಾಯ ಅಲ್ಲೇನ್ರಿ ಮೇಡಂ?’ ಅಂದರು.

ಅತಿ ಚಂದದ್ದು ಇನ್ನೊಂದು. ಯಾರು ಹುಸೇನಮ್ಮನಿಗೆ ಊರ ಮರ್ಯಾದೆಯ ಪಾಠ ಹೇಳಿದ್ದರೋ ಅವರೇ ಈಗ ದಾರಿಯಲ್ಲಿ ನಿಲ್ಲಿಸಿ ಅವಳನ್ನು ಹೊಗಳತೊಡಗಿದರು. ಮತದಾನಕ್ಕೆ ಎರಡು ದಿನ ಮುಂಚೆ ನನ್ನ ಎದುರಿಗೇ ಒಬ್ಬಳು ಕಚೇರಿ ಮುಂದಿನ ನಳದಲ್ಲಿ ಕೊಡ ತುಂಬುತ್ತ ಅಂದಳು: ‘ನೀ ನಿಂತಿದ್ದು ಭಾಳ ಚಲೋ ಆತು ನೋಡು ಹುಸೇನಮ್ಮ. ಗುಡಿಗಿ ಅಷ್ಟ ಹೋಗೋ ರೊಕ್ಕ ನಮ್ಮ ಮನಿಗೂ ಬಂತು. ಮುಂದಿನ ಸಲನೂ ನಿಲ್ಲವ್ವ.’

ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದೆ. ಅಂಥ ಜನರ ಮೇಲೆ ನನಗೆ ಹುಟ್ಟಿದ ಹೇಸಿಗೆಯನ್ನು ಹೇಗೆ ಹೇಳಲಿ? ಅವರಿಗೊಂದು ಸೀಟು, ಒಂದು ಡಬ್ಬಿ, ಒಂದು ವೋಟು ಯಾಕೆ ಕೊಡಬೇಕು ಅನ್ನಿಸಿತು. ಹುಸೇನಮ್ಮ ಮಾತ್ರ ಆ ಹೆಂಗಸಿನ ತಲೆಗೆ ಕೊಡ ಎತ್ತಿಟ್ಟಳು. ‘ವೋಟು ಹಾಕಾಕ ಮರೀಬ್ಯಾಡ’ ಅಂದಳು, ಅಷ್ಟೇ.

ಅವಳ ಪ್ರಚಾರ ಅಂದರೆ ಅದೇ. ಬೆಳಗ್ಗೆ ದೂರದ ಊರಿನ ಹೊಲಗಳಿಗೆ ಕೂಲಿಗೆ ಹೋಗುವುದು, ಸಂಜೆ ಬಂದು ನಾಲ್ಕು ಬಾಗಿಲು ಬಡಿಯುವುದು. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ‘ಸುಡುಗಾಡಿಗೆ ದಾರಿ ಬೇಕಾಗ್ಯದ’ ಅಂತ ಹೇಳುವುದು, ನೀರು ಕೊಟ್ಟರೆ ಕುಡಿಯುವುದು, ಕೊಡದಿದ್ದರೆ ಮುಂದಿನ ಮನೆ.

ಮತದಾನದ ದಿನ ಊರು ಹೊಸ ಕುಬಸ ತೊಟ್ಟುಕೊಂಡು ಬಂತು. ಒಂದೇ ತಾನಿನ ಬಟ್ಟೆ, ಒಂದೇ ಬಣ್ಣ. ಸಾಲಿನಲ್ಲಿ ನಿಂತ ಹೆಂಗಸರನ್ನು ನೋಡಿದರೆ ಯಾವುದೋ ಶಾಲೆಯ ಸಮವಸ್ತ್ರದಂತೆ ಕಾಣುತ್ತಿತ್ತು.

ಎಣಿಕೆ ಮಾನ್ವಿಯ ಒಂದು ಕಾಲೇಜಿನಲ್ಲಿ. ಆ ಸೀಟಿನದು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹನುಮವ್ವನ ಕಟ್ಟು ಏರುತ್ತ ಹೋಯಿತು, ಹುಸೇನಮ್ಮನ ಕಡೆ ಬಂದದ್ದು ಹನ್ನೊಂದು. ಠೇವಣಿಯ ನೂರು ರೂಪಾಯಿಯೂ ಹೋಯಿತು. ಹೊರಗೆ ಗುಲಾಲು, ಪಟಾಕಿ. ಹಾರವನ್ನು ಸಾವ್ಕಾರನಿಗೆ ಹಾಕಿದರು. ಗೆದ್ದ ಹನುಮವ್ವ ಆ ಹೊತ್ತು ಹೊಲದಲ್ಲಿದ್ದಳಂತೆ, ಅವಳನ್ನು ಕರೆತರಬೇಕೆಂದು ಯಾರಿಗೂ ನೆನಪಾಗಿರಲಿಲ್ಲ.

ಹುಸೇನಮ್ಮ ಕಾಂಪೌಂಡಿನ ಬೇವಿನ ಮರದ ಕೆಳಗೆ ನನಗಾಗಿ ಕಾಯುತ್ತಿದ್ದಳು. ಅಳುತ್ತಾಳೇನೋ ಅಂತ ಹೋದೆ. ಅವಳು ಬೆರಳು ಮಡಿಸಿ ಎಣಿಸುತ್ತಿದ್ದಳು.

‘ಅಕ್ಕೋರ, ನಮ್ಮ ಮನಿಯಾಗ ನಾಕು ವೋಟು. ನನ್ನ ಸೊಸಿ ಉಡಿ ತುಂಬಿಸಿಕೊಂಡಾಳ, ಅಕಿದು ಬಿಟ್ಟು ಮೂರು ಹಿಡೀರಿ. ಹನ್ನೊಂದರಾಗ ಮೂರು ಹೋದ್ರ ಎಂಟು ಉಳೀತಾವ. ಆ ಎಂಟು ಮಂದಿ ಯಾರ್ರಿ?’

‘ಗೊತ್ತಾಗಂಗಿಲ್ಲವ್ವಾ. ಗುಪ್ತ ಮತದಾನ ಅಂದ್ರ ಅದೇ. ನನಗೂ ಗೊತ್ತಾಗಂಗಿಲ್ಲ, ಯಾರಿಗೂ ಗೊತ್ತಾಗಂಗಿಲ್ಲ’ ಅಂದೆ.

‘ಸಾವ್ಕಾರಗೂ?’

‘ಅವನಿಗೂ.’

ಅವಳು ಮಡಿಸಿದ್ದ ಬೆರಳು ಬಿಚ್ಚಿದಳು. ‘ಹಂಗಾರ ಎಲ್ಲಾರ ಮನಿಗೂ ಹೋಗ್ತೀನ್ರಿ. ನಿಮ್ಮ ವೋಟು ನನಗ ಮುಟ್ಟ್ಯದ, ನಿಮ್ಮ ಉಪಕಾರ ಮರೆಯಂಗಿಲ್ಲ ಅಂತ ಹೇಳ್ತೀನಿ. ಹಾಕಿದವರಿಗಿ ಸಂತೋಷ ಆಗ್ತದ. ಹಾಕದವರಿಗಿ ನಾಚಿಕಿ ಆಗ್ಲಿ.’

ಹಾಗೇ ಮಾಡಿದಳಂತೆ. ಒಂದು ಮನೆ ಬಿಡದೆ ಹೋಗಿ ಕೈ ಮುಗಿದು ಬಂದಳಂತೆ. ಹೊಸ ಕುಬಸದವರು ಬಾಗಿಲಲ್ಲಿ ನಿಂತು ‘ಹೂಂ’ ಅಂದರಂತೆ. ಸಾವ್ಕಾರನ ಅಂಗಳಕ್ಕೂ ಹೋಗಿ, ಅವನ ಎದುರಿಗೇ ಅವನ ಹೆಂಡತಿಗೆ ‘ಯವ್ವಾ, ನಿಮ್ಮ ವೋಟೂ ಮುಟ್ಟ್ಯದ’ ಅಂದಳಂತೆ. ಆ ಮನೆಯಲ್ಲಿ ಗಂಡ ಹೆಂಡತಿ ಎಷ್ಟೋ ದಿನ ಮಾತು ಬಿಟ್ಟಿದ್ದರು ಅಂತ ಕೇಳಿದೆ. ನಾನು ಈ ಇಡೀ ಸುದ್ದಿಯಲ್ಲಿ ಮನಸಾರೆ ನಕ್ಕದ್ದು ಅದೊಂದಕ್ಕೆ.

ಪಂಚಾಯಿತಿ ಐದು ವರ್ಷದಲ್ಲಿ ಆ ದಾರಿ ಮಾಡಲಿಲ್ಲ. ಅದನ್ನು ಯಾರೂ ನಿರೀಕ್ಷಿಸಿರಲೂ ಇಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ಒಂದು ದಿನ ಹುಸೇನಮ್ಮ ಫೋನ್ ಮಾಡಿದಳು. ಕೇರಿಯಲ್ಲಿ ಮುದುಕನೊಬ್ಬ ತೀರಿಕೊಂಡಿದ್ದ, ಹಳ್ಳ ಬಂದಿತ್ತು, ಹೆಣ ಹೊತ್ತು ಬದುವಿಗೆ ಹೋದರು. ಸಾವ್ಕಾರ ಮತ್ತೆ ಬಂದು ನಿಂತ.

‘ಒದರಾಕ ಬಾಯಿ ತೆಗದಿದ್ದ ಅಕ್ಕೋರ. ಅಷ್ಟ್ರಾಗ ಊರ ಕಡಿಂದ ಮಂದಿ ಬಂದು ನಮ್ಮ ಹಿಂದ ನಿಂತ್ರು. ನಮ್ಮ ಕೇರಿಯವರಲ್ರಿ, ಊರವರು. ಒಬ್ರೂ ಮಾತಾಡಲಿಲ್ಲ, ಸುಮ್ಮನ ನಿಂತ್ರು. ಅವ ಅವರನ್ನ ನೋಡಿದ, ಬದುವಿಂದ ಕೆಳಗಿಳದ. ನಾವು ಹೋದ್ವಿ.’

‘ಎಷ್ಟು ಮಂದಿ ಬಂದಿದ್ದರು?’ ಅಂತ ಕೇಳಿದೆ.

‘ಎಂಟೇ ಮಂದಿ ಬರ್ತಾರ ಅಂದುಕೊಂಡಿದ್ದೆ. ಹದಿನಾಲ್ಕು ಮಂದಿ ಬಂದಿದ್ರು’ ಅಂದಳು.